ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ವಿಕೋಪದ ಅಂದಾಜು: ಚರಿತ್ರೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಕೊಡಗು–ವಯನಾಡಿನ ಮಲೆಗಳಿಗೂ ಮೈಸೂರಿನ ಬಯಲಿಗೂ ನಡುವಿನ ಸೀಮೆ. ಇಲ್ಲಿ ಹರಿಯುವ ಕಾವೇರಿ, ಲಕ್ಷ್ಮಣತೀರ್ಥ, ಕಬಿನಿಗಳು ತುಂಬುವುದು ಮಲೆಯ ಮಳೆಯಿಂದ; ನಾಲೆ ತಲುಪದ ರಾಗಿ, ಹೊಗೆಸೊಪ್ಪಿನ ಹೊಲಗಳು ನೆಚ್ಚಿರುವುದು ಊರ ಮಳೆಯನ್ನು. ಹೀಗಾಗಿ ಬೆಳೆ ಒಣಗಿದ ವರ್ಷವೂ ಹೊಳೆ ದಂಡೆ ಮೀರಬಹುದು. ಬರ, ನೆರೆ, ಕಾಳ್ಗಿಚ್ಚು ಮೂರನ್ನೂ ಬೇರೆ ಬೇರೆ ಅಳತೆಗಳಿಂದ ನೋಡಬೇಕಾಗಿ ಬಂದದ್ದು ಇದರಿಂದಲೇ.

ಬರ

1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. 1890ರ ದಶಕದಿಂದ ಸಂಸ್ಥಾನದ ಮಳೆಮಾಪಕಗಳ ಲೆಕ್ಕ ವಾರ್ಷಿಕ ವರದಿಗಳಾಗಿ ಪ್ರಕಟವಾಗತೊಡಗಿತು. ಆದರೂ ಕಂದಾಯ ಆಡಳಿತ ಬಹುಕಾಲ ನಂಬಿದ್ದು ಆಣೆವಾರಿಯನ್ನು: ಪೂರ್ಣ ಬೆಳೆಯನ್ನು 16 ಆಣೆ ಎಂದಿಟ್ಟುಕೊಂಡು, ಕೈಗೆ ಬಂದದ್ದು ಎಷ್ಟು ಆಣೆ ಎಂದು ಎಣಿಸುವ ಪದ್ಧತಿ ಇದು. ಬೆಳೆ ಹಾಳಾದ ಮೇಲಷ್ಟೇ ಇದರಿಂದ ಉತ್ತರ ಸಿಗುತ್ತಿತ್ತು.

1988ರಲ್ಲಿ ಕರ್ನಾಟಕ ಸ್ಥಾಪಿಸಿದ ಬರ ಉಸ್ತುವಾರಿ ಕೋಶ ಈ ಕ್ರಮವನ್ನು ಬದಲಿಸಿತು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಹೋಬಳಿಗೊಂದು ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೊಂದು ಸ್ವಯಂಚಾಲಿತ ಮಳೆಮಾಪಕ ಎಂಬ ಮಟ್ಟಕ್ಕೆ ಅಳತೆ ಇಳಿಯಿತು. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿ ಮಳೆ ಕೊರತೆಯ ಜೊತೆಗೆ ಮಣ್ಣಿನ ತೇವಾಂಶ, ಬಿತ್ತನೆಯ ಪ್ರಮಾಣ, ಉಪಗ್ರಹ ತೋರಿಸುವ ಬೆಳೆಯ ಸ್ಥಿತಿಗಳನ್ನೂ ಪರಿಗಣಿಸುತ್ತದೆ. ಅದೇ ವರ್ಷ ಬಂದ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯಲ್ಲಿ ಮುಖ್ಯ ಬೆಳೆಗಳ ನಷ್ಟ ತೀರ್ಮಾನವಾಗುವುದು ಪಂಚಾಯಿತಿವಾರು ಬೆಳೆ ಕಟಾವು ಪ್ರಯೋಗದಿಂದ.

ನೆರೆ

ನೆರೆಯ ಅಪಾಯಕ್ಕೆ ಇಲ್ಲಿ ಮೊದಲು ಸಿಕ್ಕ ದೊಡ್ಡ ಉತ್ತರ ಊರನ್ನೇ ಸ್ಥಳಾಂತರಿಸುವುದು. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಯ ಬದಲಿಗೆ 1920ರ ದಶಕದ ಉತ್ತರಾರ್ಧದಲ್ಲಿ ಹೊಸ ಪಟ್ಟಣ ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ನೆನಪಿಗೆ ಕೃಷ್ಣರಾಜನಗರ ಎಂದು ಹೆಸರಿಟ್ಟರು. ಈಗಿನ ಕ್ರಮ ನದಿಯ ಮೇಲ್ಭಾಗದ ಮಟ್ಟವನ್ನು ಕಾಯುವುದು. ಕೇಂದ್ರ ಜಲ ಆಯೋಗ ಕಾವೇರಿಯನ್ನು ಕೂಡಿಗೆ ಮತ್ತು ಚುಂಚನಕಟ್ಟೆಯಲ್ಲಿ, ಕಬಿನಿಯನ್ನು ವಯನಾಡಿನ ಮುತ್ತಂಕೆರೆಯಲ್ಲಿ ಅಳೆಯುತ್ತದೆ.

ಕಬಿನಿಯಲ್ಲಿ ಈ ಅಳತೆಯಿಂದ ಸಿಗುವ ಮುನ್ಸೂಚನೆ ಬಹಳ ಮುಖ್ಯ. ಬೀಚನಹಳ್ಳಿಯ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ, ಲಕ್ಷ ಕ್ಯೂಸೆಕ್ ಒಳಹರಿವು ದಿನಕ್ಕೆ ಸುಮಾರು 8.6 ಟಿಎಂಸಿ ತರುತ್ತದೆ. 2019ರ ಆಗಸ್ಟ್‌ನಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿ ಕೆಳಗಿನ ನಂಜನಗೂಡು ಜಲಾವೃತವಾಯಿತು. ಅದೇ ಮಳೆಗೆ ಲಕ್ಷ್ಮಣತೀರ್ಥ ಹುಣಸೂರು ಭಾಗದಲ್ಲಿ ಉಕ್ಕಿತು. ಆ ನದಿಗೆ ಹನಗೋಡಿನಂತಹ ಅಣೆಕಟ್ಟೆಗಳಿವೆಯೇ ಹೊರತು ನೆರೆ ತಡೆದಿಡುವ ದೊಡ್ಡ ಜಲಾಶಯವಿಲ್ಲ.

ಕಾಳ್ಗಿಚ್ಚು

ನಾಗರಹೊಳೆಯ ಕಾಡಂಚಿನಲ್ಲಿ ಫೆಬ್ರುವರಿ–ಏಪ್ರಿಲ್ ಕಾಳ್ಗಿಚ್ಚಿನ ಕಾಲ. ಒಣಗಿದ ಲಂಟಾನ, ಬಿದಿರು, ತರಗೆಲೆಗಳೇ ಉರುವಲು. ಅರಣ್ಯ ಇಲಾಖೆ ಬೇಸಿಗೆಗೆ ಮುನ್ನ ಬೆಂಕಿ ರೇಖೆ ಸವರಿ, ಕಾವಲುಗಾರರನ್ನು ನೇಮಿಸುತ್ತದೆ. ಬೆಂಕಿಯನ್ನು ಪತ್ತೆಹಚ್ಚಲು ಉಪಗ್ರಹದ ಸೂಚನೆಯೂ ಒದಗಿ ಬಂದಿದೆ.

ಆಡಳಿತ

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆ ಕಡ್ಡಾಯ. ಹೆಗ್ಗಡದೇವನಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಪ್ರತ್ಯೇಕ ತಾಲ್ಲೂಕುಗಳಾಗಿರುವುದರಿಂದ, ಈ ಯೋಜನೆಗೆ ಬೇಕಾದ ಹಳೆಯ ತಾಲ್ಲೂಕುವಾರು ದಾಖಲೆಗಳನ್ನು ಈಗ ಹೋಬಳಿವಾರು ಬಿಡಿಸಿ ಹೋಲಿಸಬೇಕಾಗುತ್ತದೆ.