ಡ್ರಮ್ಮಿಗೆ ವಿದ್ಯುತ್ತಿನ ಕಿವಿ

ಡ್ರಮ್ಮಿನ ಒಂದೇ ಪೆಟ್ಟಿಗೆ ಎರಡು ನಾದಗಳು ಹೊಮ್ಮುವುದನ್ನು ನೀವು ಕೇಳಿರಬಹುದು. ಅದರ ಮೂಲ ಬಲು ಹಿಂದಿನದು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿಕೊಟ್ಟರು.

1971ರಲ್ಲಿ ಇಂಗ್ಲೆಂಡಿನ ಮೂಡಿ ಬ್ಲೂಸ್ ತಂಡದ ಗ್ರೇಮ್ ಎಡ್ಜ್ ಧ್ವನಿಮುದ್ರಣದಲ್ಲಿ ವಿದ್ಯುನ್ಮಾನ ಡ್ರಮ್ಮನ್ನು ನುಡಿಸಿದರು. 1981ರಲ್ಲಿ ಸಿಮನ್ಸ್ ಕಂಪನಿಯ ಆರು ಮೂಲೆಯ ಹಲಗೆಗಳು ಬಂದವು. ನಾದವೇನೋ ಹೊಸದು, ಆದರೆ ಗಟ್ಟಿ ಹಲಗೆಗೆ ಬಡಿದು ಬಡಿದು ವಾದಕರ ಮಣಿಕಟ್ಟು ನೊಂದಿತು. ಕೋಲನ್ನು ಚಿಮ್ಮಿಸುವ ಬಿಗಿದ ಹೊದಿಕೆಯ ಸುಖ ಅಲ್ಲಿರಲಿಲ್ಲ.

ಇನ್ನೊಂದು ದಾರಿಯೂ ಇತ್ತು: ಹಳೆಯ ಡ್ರಮ್ಮನ್ನೇ ಉಳಿಸಿಕೊಂಡು, ಹರಳಿನ ಗುಣವುಳ್ಳ ತೆಳುಬಿಲ್ಲೆಯೊಂದನ್ನು ಅದಕ್ಕೆ ತಗುಲಿಸುವುದು. ಪೆಟ್ಟಿನ ಅದುರು ವಿದ್ಯುತ್ತಾಗಿ ಯಂತ್ರವನ್ನು ಮುಟ್ಟುತ್ತದೆ. ಯಂತ್ರವು ತನ್ನಲ್ಲಿ ಕೂಡಿಟ್ಟ ನಾದವನ್ನು ಡ್ರಮ್ಮಿನ ನಾದದೊಡನೆ ಬೆರೆಸುತ್ತದೆ. ಪೆಟ್ಟು ಬಲವಾದರೆ ನಾದವೂ ಬಲ. ಕೈಯ ಹದವರಿಯದವನಿಗೆ ಈ ಯಂತ್ರವೂ ಒಲಿಯದು.