ದಂಡು ಪ್ರದೇಶದ ಧರ್ಮಪಂಡಿತರು: ಯಾರನ್ನು ಕೇಳಿ ಬರೆದರು?

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಶಿವಾಜಿನಗರದ ಮಹಾದೇವಾಲಯಕ್ಕೆ ಒಮ್ಮೆಯಾದರೂ ಹೋಗಿಬರದ ಕಥೋಲಿಕ ಕುಟುಂಬ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಆಗಸ್ಟ್ 29ರಂದು ಧ್ವಜ ಏರಿತೆಂದರೆ ನವದಿನಗಳೂ ಆ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾವಿ ಉಟ್ಟವರು, ಹರಕೆ ಹೊತ್ತವರು, ಕೈಗೂಸನ್ನು ಮಾತೆಯ ಮುಂದೆ ಹಿಡಿದು ನಿಂತ ತಾಯಂದಿರು, ಅಕ್ಕಪಕ್ಕದ ಓಣಿಗಳ ಹಿಂದೂ ಮುಸ್ಲಿಂ ನೆರೆಯವರು, ಎಲ್ಲರೂ ಒಂದೇ ಸಾಲಿನಲ್ಲಿ ಇರುತ್ತಾರೆ. ಸೀರೆಯುಟ್ಟ ಮಾತೆಗೆ ಮೇಣದ ಬತ್ತಿ ಹಚ್ಚುವವರಲ್ಲಿ ಜ್ಞಾನಸ್ನಾನ ಪಡೆದವರೆಷ್ಟು, ಪಡೆಯದವರೆಷ್ಟು ಎಂದು ಯಾರೂ ಲೆಕ್ಕವಿಡುವುದಿಲ್ಲ.

ಈ ನೆಲಕ್ಕೂ ಧರ್ಮಗಳ ಅಧ್ಯಯನಕ್ಕೂ ಇನ್ನೂರು ವರ್ಷಗಳ ನಂಟಿದೆ. ಹಬ್ಬದ ಪ್ರಬೋಧನೆಗಳಲ್ಲಿ ಅದು ಕೇಳಿಬರುವುದು ಅಪರೂಪ.

ಹದಿನೇಳನೇ ಶತಮಾನದಲ್ಲಿ ತಮಿಳುನಾಡಿನ ಸೆಂಜಿಯ ಕಡೆಯಿಂದ ಬಂದ ಕ್ರೈಸ್ತರು ಇಲ್ಲಿ ಮೊದಲು ನೆಲೆಸಿದರೆಂಬುದು ದೇವಾಲಯದ ಪರಂಪರೆ. ಆಗ ಈ ಜಾಗ ಬ್ಲಾಕ್‌ಪಳ್ಳಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಲ್ಲಿ ಪುಟ್ಟದೊಂದು ಹುಲ್ಲುಛಾವಣಿಯ ಗುಡಿಯನ್ನು ಕಟ್ಟಿಸಿದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬ್ವಾ ಎಂದೂ ಅದೇ ಪರಂಪರೆ ಹೇಳುತ್ತದೆ. ದುಬ್ವಾ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಮೈಸೂರು ಸೀಮೆಗೆ ಕಾಲಿಟ್ಟರು. ನಮ್ಮವರಂತೆ ಬಟ್ಟೆ ಉಟ್ಟರು, ನಮ್ಮ ಊಟ ಉಂಡರು. ಸಿಡುಬಿಗೆ ಲಸಿಕೆ ಹಾಕಿಸಿಕೊಳ್ಳಲು ಹೆದರುತ್ತಿದ್ದ ಜನರಿಗೆ ಧೈರ್ಯ ಹೇಳಿದರು. ಹಾಸನದ ಕಡೆ ಸಾತಳ್ಳಿಯಲ್ಲಿ ಬಡ ಕ್ರೈಸ್ತರನ್ನು ಬೇಸಾಯಕ್ಕೆ ನೆಲೆಗೊಳಿಸಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದದ್ದು ಸುಮ್ಮನೆ ಅಲ್ಲ.

ಆದರೆ ಜಗತ್ತು ಅವರನ್ನು ನೆನೆಯುವುದು ಒಂದು ಪುಸ್ತಕಕ್ಕಾಗಿ. ಹಿಂದೂಗಳ ಆಚಾರ, ವ್ಯವಹಾರ, ವಿಧಿಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿದ್ದ ಅವರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಮದರಾಸಿಗೆ ಕಳುಹಿಸಿದರು. ಈಸ್ಟ್ ಇಂಡಿಯಾ ಕಂಪನಿ ಅದನ್ನು 2000 ವರಹ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಮುಂದೆ ನೂರು ವರ್ಷ ಭಾರತದಲ್ಲಿ ಆಳುವವರು, ಓದುವವರು ಅದನ್ನು ಕೈಪಿಡಿಯಂತೆ ಬಳಸಿದರು.

ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ನೋಡಿದರು. ದುಬ್ವಾ ಅವರ ಪುಸ್ತಕದ ಬಹುಪಾಲಿಗೆ ಮೂಲ, ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೂರ್ದೂ ಅವರ ಬರಹವೆಂದು 1987ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಈ ಕೂರ್ದೂ ಸಾಮಾನ್ಯರಲ್ಲ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಬಂಧುತ್ವವಿದೆ ಎಂಬುದನ್ನು ಸರ್ ವಿಲಿಯಂ ಜೋನ್ಸ್ ಅವರಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ ಪ್ಯಾರಿಸಿಗೆ ಬರೆದು ತಿಳಿಸಿದ್ದವರು. ಇಂದಿನ ವಿಶ್ವವಿದ್ಯಾನಿಲಯದಲ್ಲಾಗಿದ್ದರೆ ನಮ್ಮ ದೊಡ್ಡ ಸ್ವಾಮಿಯವರ ಮೇಲೆ ಕೃತಿಚೌರ್ಯದ ಆರೋಪ ಬರುತ್ತಿತ್ತು. ಆ ಕಾಲದಲ್ಲಿ ಹಾಗೆ ಬರೆಯುವುದು ನಡೆಯುತ್ತಿತ್ತು ಎಂದು ಸಮಾಧಾನ ಹೇಳಬಹುದು. ನನಗೆ ಅದು ಪೂರ್ತಿ ಸಮಾಧಾನವಲ್ಲ.

ಅದಕ್ಕಿಂತಲೂ ಮನಸ್ಸನ್ನು ಕಲಕುವ ವಿಷಯ ಬೇರೆಯಿದೆ. ಆ ಪುಸ್ತಕದಲ್ಲಿ ಹಿಂದೂ ಎಂದರೆ ಹೆಚ್ಚಾಗಿ ಬ್ರಾಹ್ಮಣ. ಜಾತಿ ಪದ್ಧತಿಯನ್ನು ದುಬ್ವಾ ಖಂಡಿಸಲಿಲ್ಲ. ಈ ದೇಶ ಅನಾಗರಿಕ ಸ್ಥಿತಿಗೆ ಬೀಳದಂತೆ ತಡೆದ ಜಾಣ ವ್ಯವಸ್ಥೆ ಎಂದೇ ಅದನ್ನು ಹೊಗಳಿದರು. 1823ರಲ್ಲಿ ಭಾರತ ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಲ್ಲಿ ಧರ್ಮಪ್ರಚಾರಕ್ಕೆ ಭವಿಷ್ಯವಿಲ್ಲ ಎಂದು ಬರೆದರು. ಇಷ್ಟು ವರ್ಷಗಳ ದುಡಿಮೆಯಲ್ಲಿ ತಾವು ಸೇರಿಸಿಕೊಂಡದ್ದು ಇನ್ನೂರರಿಂದ ಮುನ್ನೂರು ಜನರನ್ನು ಮಾತ್ರ, ಅವರಲ್ಲಿ ಮೂರರಲ್ಲಿ ಎರಡು ಪಾಲು ಪರಯರು ಇಲ್ಲವೇ ಭಿಕ್ಷುಕರು, ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು ಎಂದು ಲೆಕ್ಕ ಕೊಟ್ಟರು. ಸೋಲಿನ ಸಾಕ್ಷಿಯಾಗಿ ಕೊಟ್ಟ ಲೆಕ್ಕ ಅದು.

ಆ ಸಾಲುಗಳನ್ನು ಓದಿದಾಗ ಒಂದು ಕ್ಷಣ ಪುಸ್ತಕ ಮುಚ್ಚಿಡಬೇಕೆನಿಸುತ್ತದೆ. ದಂಡು ಪ್ರದೇಶದ ಎಷ್ಟೋ ಹಳೆಯ ಕಥೋಲಿಕ ಮನೆತನಗಳ ಪೂರ್ವಜರು ಇಂಥವರೇ. 1809ರಲ್ಲಿ ದಂಡು ಬಂದ ಮೇಲೆ ಅದರ ಬೆನ್ನಿಗೇ ಬಂದ ಕೂಲಿಯವರು, ಅಡಿಗೆಯವರು, ಕುದುರೆ ನೋಡಿಕೊಳ್ಳುವವರು, ಗಾರೆ ಕೆಲಸದವರು. ಅವರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ, 1882ರ ಸೆಪ್ಟೆಂಬರ್ 8ರಂದು, ಇಂದಿನ ಗಾಥಿಕ್ ಶೈಲಿಯ ದೇವಾಲಯ ಅಭಿಷೇಕಗೊಂಡಿತು. 1973ರಲ್ಲಿ ಅದಕ್ಕೆ ಕಿರಿಯ ಬಸಿಲಿಕ ಎಂಬ ಗೌರವ ಸಿಕ್ಕಿತು.

ಇನ್ನು ಮಿಲ್ಲರ್ಸ್ ರಸ್ತೆಯ ಕಡೆಗೆ ಹೋಗೋಣ. ಬೆನ್ಸನ್ ಟೌನ್‌ನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಆರಂಭವಾದದ್ದು. ಅದು ಪ್ರಾಟೆಸ್ಟಂಟ್ ಸಭೆಗಳದು, ನಮ್ಮದಲ್ಲ. ಹಿಂದೆ ನಮ್ಮವರು ಅದರ ಗೇಟಿನೊಳಗೆ ಇಣುಕಿಯೂ ನೋಡುತ್ತಿರಲಿಲ್ಲ. ಆದರೆ ನೆರೆಯವರ ಧರ್ಮವನ್ನು ಗೌರವದಿಂದ ಕಲಿಯುವ ಕೆಲಸ ಬೆಂಗಳೂರಿನಲ್ಲಿ ಗಟ್ಟಿಯಾಗಿ ಬೇರೂರಿದ್ದು ಆ ರಸ್ತೆಯಲ್ಲೇ. 1957ರಲ್ಲಿ ಅಲ್ಲಿ ಪಿ. ಡಿ. ದೇವನಂದನ್ ಅವರ ನಿರ್ದೇಶನದಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದೇ ಒಂದು ಕ್ರೈಸ್ತ ಸಂಸ್ಥೆ ಹುಟ್ಟಿತು. ಸ್ವತಂತ್ರ ಭಾರತದಲ್ಲಿ ಹಿಂದೂ ಧರ್ಮ ಹೇಗೆ ಹೊಸ ಚಿಂತನೆಗೆ ತೆರೆದುಕೊಳ್ಳುತ್ತಿದೆ, ದೇಶ ಕಟ್ಟುವಲ್ಲಿ ಕ್ರೈಸ್ತನು ಅದರೊಡನೆ ಹೇಗೆ ಕೈಜೋಡಿಸಬೇಕು ಎಂಬುದು ಅವರ ಪ್ರಶ್ನೆ. 1962ರಲ್ಲಿ ಅವರು ತೀರಿಕೊಂಡ ಮೇಲೆ ಎಂ. ಎಂ. ಥಾಮಸ್ ಆ ಹೊಣೆ ಹೊತ್ತರು. ನಮ್ಮ ಸಭೆಯ ಗುರು ರೈಮುಂದೊ ಪಣಿಕ್ಕರ್ ಹಿಂದೂ ಧರ್ಮದಲ್ಲಿ ಅರಿಯದೆ ಇರುವ ಕ್ರಿಸ್ತನ ಬಗ್ಗೆ 1964ರಲ್ಲಿ ಪುಸ್ತಕ ಬರೆದಿದ್ದರು. ಥಾಮಸ್ ಅದೇ ದಶಕದ ಕೊನೆಯಲ್ಲಿ, ರಾಮಮೋಹನರಾಯರಿಂದ ಗಾಂಧೀಜಿಯವರೆಗೆ ಭಾರತದ ಹಿರಿಯರು ಅರಿತೇ ಗುರುತಿಸಿದ ಕ್ರಿಸ್ತನ ಬಗ್ಗೆ ಬರೆದರು. ಎರಡು ಸಭೆಗಳ ಪಂಡಿತರು ಹೀಗೆ ಪುಸ್ತಕದ ಹೆಸರಿನಲ್ಲೇ ಒಬ್ಬರಿಗೊಬ್ಬರು ಉತ್ತರ ಕೊಟ್ಟುಕೊಂಡರು.

ದೇವನಂದನ್ ಅವರ ಪ್ರಭಾವದಲ್ಲಿ ಬೆಳೆದವರಲ್ಲಿ ಒಬ್ಬರು ನಮ್ಮ ಕನ್ನಡನಾಡಿನವರು, ಸ್ಟ್ಯಾನ್ಲಿ ಸಮರ್ಥ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಗೊಮ್ಮಟನೂ ವೆಂಕಟರಮಣ ದೇವಸ್ಥಾನವೂ ಇರುವ ಊರು, ಪಕ್ಕದಲ್ಲೇ ಎಲ್ಲ ಜಾತಿ ಮತದವರು ಹರಕೆ ಹೊತ್ತು ಹೋಗುವ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ. ಅಂಥ ಊರಲ್ಲಿ ಬೆಳೆದ ಹುಡುಗನಿಗೆ ಪರಧರ್ಮದವರ ಜೊತೆ ಮಾತಾಡುವುದನ್ನು ಹೊಸದಾಗಿ ಕಲಿಸಬೇಕಿರಲಿಲ್ಲ. 1971ರಲ್ಲಿ ಸಭೆಗಳ ಜಾಗತಿಕ ಒಕ್ಕೂಟವು ಸರ್ವಧರ್ಮ ಸಂವಾದಕ್ಕೆಂದು ಜಿನೀವಾದಲ್ಲಿ ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರಾದವರು ಈ ಕಾರ್ಕಳದವರೇ. 2001ರಲ್ಲಿ ತೀರಿಕೊಂಡರು.

ನಮ್ಮ ಸಭೆಯ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆಯಿಂದ. ಅನ್ಯಧರ್ಮಗಳಲ್ಲಿ ಸತ್ಯವೂ ಪಾವನವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂಬ ಪ್ರಕಟಣೆ ಹೊರಬಂದದ್ದು 1965ರ ಅಕ್ಟೋಬರ್ 28ರಂದು. ಅದರ ಹಿಂದಿನ ವರ್ಷವೇ ಮುಂಬಯಿಗೆ ಬಂದಿದ್ದ ಆರನೇ ಪೌಲ್ ಜಗದ್ಗುರುಗಳು ಉಪನಿಷತ್ತಿನ ಪ್ರಾರ್ಥನೆಯೊಂದನ್ನು ಉಚ್ಚರಿಸಿದ್ದರು. 1967ರಲ್ಲಿ ದಂಡಿನ ಈಶಾನ್ಯ ಅಂಚಿನ ಹಚಿನ್ಸ್ ರಸ್ತೆಯಲ್ಲಿ ಎನ್‌ಬಿಸಿಎಲ್‌ಸಿ, ಅಂದರೆ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನೆಯ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಸ್ಥಾಪಕರು ಸ್ವಾಮಿ ಡಿ. ಎಸ್. ಅಮಲೋರ್‌ಪವದಾಸ್, ಪ್ಯಾರಿಸಿನಲ್ಲಿ ಓದಿ ಬಂದವರು. 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ, ಮುಂದೆ ಕಾರ್ಡಿನಲ್ ಆದ ಲೂರ್ದುಸ್ವಾಮಿಯವರು ಅವರ ಅಣ್ಣ.

1969ರ ಏಪ್ರಿಲ್ 25ರಂದು ರೋಮಿನಿಂದ ಹನ್ನೆರಡು ಅಂಶಗಳಿಗೆ ಅನುಮತಿ ಬಂತು. ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ, ಮೇಣದ ಬತ್ತಿಗೆ ಬದಲಾಗಿ ಎಣ್ಣೆಯ ದೀಪ, ಹೂವು ಧೂಪ ದೀಪಗಳ ಆರತಿ. ಇಂದು ಹಬ್ಬದ ಬಲಿಪೂಜೆಯಲ್ಲಿ ಹೆಣ್ಣುಮಕ್ಕಳು ಆರತಿ ಎತ್ತಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂದು ಹಾಗಿರಲಿಲ್ಲ. ಆರತಿ, ಓಂ, ಕಳಶ ಇವೆಲ್ಲ ಚರ್ಚಿನೊಳಗೆ ಏಕೆ ಎಂದು ಧರ್ಮಕೇಂದ್ರಗಳ ಹಿರಿಯರು ಕೇಳಿದರು, ಸಿಟ್ಟಾದರು. 1974ರ ಡಿಸೆಂಬರಿನಲ್ಲಿ ಅದೇ ಕೇಂದ್ರದಲ್ಲಿ, ಬೈಬಲೇತರ ಧರ್ಮಗ್ರಂಥಗಳಿಗೆ ನಮ್ಮ ಆರಾಧನೆಯಲ್ಲಿ ಸ್ಥಾನವಿದೆಯೇ ಎಂದು ಪಂಡಿತರು ಒಂದು ವಾರ ಕುಳಿತು ಚರ್ಚಿಸಿದರು. ಮರುವರ್ಷ ರೋಮಿನಿಂದ ಬಂದ ಪತ್ರ, ಪೂಜೆಯಲ್ಲಿ ಅಂಥ ವಾಚನ ಬೇಡವೆಂದಿತು. ಸ್ವಾಮಿ ಅಮಲೋರ್ ಮುಂದೆ ಮೈಸೂರಿಗೆ ಹೋಗಿ ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ವಿಭಾಗವನ್ನು ಕಟ್ಟಿದರು, ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ನಡೆಸಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ವಿರೋಧಿಸಿದ ಹಿರಿಯರನ್ನು ಹಳೆಯ ಕಾಲದವರು, ಲ್ಯಾಟಿನ್ ಪ್ರೇಮಿಗಳು ಎಂದು ತಳ್ಳಿಹಾಕುವುದು ಸುಲಭ. ಕೆಲವರು ಹಾಗೆ ಇದ್ದರು, ಸುಳ್ಳಲ್ಲ. ಆದರೆ ಅವರಲ್ಲಿ ಇನ್ನೊಂದು ನೋವೂ ಇದ್ದಿರಬೇಕೆಂದು ನನಗನಿಸುತ್ತದೆ. ಗುಡಿಯ ಹೊಸ್ತಿಲು ತುಳಿಯಲು ಬಿಡದ ಕಾಲದಲ್ಲಿ ಅವರ ಮುತ್ತಜ್ಜ ಚರ್ಚಿಗೆ ಬಂದಿದ್ದ. ವೇದ ಕಿವಿಗೆ ಬೀಳಬಾರದೆಂದು ಅವನನ್ನು ದೂರವಿಟ್ಟಿದ್ದರು. ಈಗ ಅದೇ ವೇದ, ಅದೇ ಕಳಶ 'ನಮ್ಮ ಸಂಸ್ಕೃತಿ' ಎಂಬ ಹೆಸರಿನಲ್ಲಿ ಪೀಠಕ್ಕೆ ಬಂದರೆ ಅವನ ಮರಿಮಗನಿಗೆ ಏನನ್ನಿಸಬೇಕು? ಯಾರ ಸಂಸ್ಕೃತಿ ಅದು? ಸ್ವಾಮಿ ಅಮಲೋರ್ ಅವರ ಉದ್ದೇಶ ಶುದ್ಧವಾಗಿತ್ತು. ಅವರಿಂದಾಗಿಯೇ ಇಂದು ನಮ್ಮ ಭಾಷೆಯಲ್ಲಿ, ನಮ್ಮ ರೀತಿಯಲ್ಲಿ ದೇವರನ್ನು ಆರಾಧಿಸುವುದು ಸಹಜವೆನಿಸಿದೆ. ಆದರೂ ಆ ವರ್ಷಗಳಲ್ಲಿ ಭಾರತೀಯ ಎಂದರೆ ಉಪನಿಷತ್ತು ಎಂಬ ಸಮೀಕರಣ ನಮ್ಮ ಪಂಡಿತರಲ್ಲಿ ಬಲವಾಗಿತ್ತು. ದುಬ್ವಾ ಅವರ ಕಾಲದಂತೆಯೇ ಇಲ್ಲೂ ಮೇಲಿನ ಮನೆಯ ಬಾಗಿಲನ್ನೇ ತಟ್ಟಿದ್ದು. ಅವರು ಟೀಕಿಸಲು ತಟ್ಟಿದರು, ಇವರು ಪ್ರೀತಿಯಿಂದ ತಟ್ಟಿದರು, ಅಷ್ಟೇ ವ್ಯತ್ಯಾಸ.

ಈ ಮಾತನ್ನು ಗಟ್ಟಿಯಾಗಿ ಹೇಳಿದ್ದು ಮತ್ತೆ ಮಿಲ್ಲರ್ಸ್ ರಸ್ತೆ. 1981ರಲ್ಲಿ ಅದೇ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಕಡೆಗೆ ಎಂಬ ಭಾಷಣ ಮಾಡಿದರು. ಭಾರತದ ಕ್ರೈಸ್ತ ಚಿಂತನೆ ಇಷ್ಟುಕಾಲ ಬ್ರಾಹ್ಮಣ ಪರಂಪರೆಯೊಡನೆ ಮಾತಾಡಿದೆ. ಸಭೆಯಲ್ಲಿರುವ ಬಹುಪಾಲು ಜನ ದಲಿತರು, ಅವರ ನೋವಿನ ಅನುಭವ ನಮ್ಮ ಶಾಸ್ತ್ರದೊಳಗೆ ಎಲ್ಲೂ ಬಂದಿಲ್ಲ ಎಂಬುದು ಅವರ ವಾದದ ತಿರುಳು. ದಲಿತ ದೈವಶಾಸ್ತ್ರ ಎಂದು ಇಂದು ಜಗತ್ತಿನ ಗುರುಮಠಗಳಲ್ಲಿ ಓದುವ ಶಾಖೆ ಮೊಳೆತದ್ದು ಆ ಭಾಷಣದಿಂದ ಎನ್ನುತ್ತಾರೆ. ಬ್ಲಾಕ್‌ಪಳ್ಳಿಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ದುಬ್ವಾ ಅವರ ಲೆಕ್ಕಪಟ್ಟಿಗೆ ಸುಮಾರು ನೂರೈವತ್ತೆಂಟು ವರ್ಷಗಳ ನಂತರ ಸಿಕ್ಕ ಉತ್ತರ ಅದು.

ನಮ್ಮ ಸಭೆಯಲ್ಲಿ ಈ ಮಾತು ಮೇಲಿನವರ ಬಾಯಲ್ಲಿ ಬರಲು ಇನ್ನೂ ಸಮಯ ಹಿಡಿಯಿತು. ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲವೆಂದ 1950ರ ಆದೇಶದ ವಿರುದ್ಧ ಧರ್ಮಾಧ್ಯಕ್ಷರು ಹಲವು ವರ್ಷಗಳಿಂದ ದನಿಯೆತ್ತುತ್ತ ಬಂದಿದ್ದರು. ಆದರೆ ನಮ್ಮೊಳಗಿನ ಜಾತಿಯ ವಿಷಯ ಬಂದಾಗ ದನಿ ತಗ್ಗುತ್ತಿತ್ತು. 2003ರಲ್ಲಿ ಎರಡನೇ ಜಾನ್ ಪೌಲ್ ಜಗದ್ಗುರುಗಳು ತಮಿಳುನಾಡಿನ ಧರ್ಮಾಧ್ಯಕ್ಷರಿಗೆ ಸಭೆಯೊಳಗಿನ ಜಾತಿಭೇದದ ಬಗ್ಗೆ ನೇರವಾಗಿಯೇ ಹೇಳಿದರು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಅಂಥ ಭೇದ ನಮ್ಮಲ್ಲಿ ಇನ್ನೂ ಇದೆ ಎಂದು ಒಪ್ಪಿಕೊಂಡರು.

ಸೆಪ್ಟೆಂಬರ್ 8ರಂದು ತೇರು ಹೊರಡುವ ಮುನ್ನ ಶಿವಾಜಿನಗರದಲ್ಲಿ ತಮಿಳು, ಕನ್ನಡ, ಇಂಗ್ಲಿಷ್ ಪೂಜೆಗಳು ಒಂದರ ಹಿಂದೊಂದು ನಡೆಯುತ್ತವೆ. ದೇವಾಲಯದ ಹೊರಗೆ ಬುಟ್ಟಿ ಇಟ್ಟುಕೊಂಡು ಹೂವು ಮಾರುವ ಅಜ್ಜಿಯರ ಹತ್ತಿರ ಯಾವ ಪಂಡಿತರೂ ಟಿಪ್ಪಣಿ ಪುಸ್ತಕ ಹಿಡಿದು ಕುಳಿತದ್ದನ್ನು ನಾನು ಕಂಡಿಲ್ಲ. ಅವರ ಮನೆಯವರು ಯಾವ ಊರಿಂದ ಬಂದರು, ಯಾರ ಕೈಯಲ್ಲಿ ಜ್ಞಾನಸ್ನಾನ ಪಡೆದರು, ಅದಕ್ಕೂ ಮೊದಲು ಯಾವ ಅಮ್ಮನಿಗೆ ಹರಕೆ ಹೊರುತ್ತಿದ್ದರು ಎಂಬುದು ಅವರಿಗೇ ಗೊತ್ತು. ದುಬ್ವಾ ಅವರ ಇನ್ನೂರು ಮುನ್ನೂರು ಜನರ ಮರಿಮಕ್ಕಳಲ್ಲಿ ಕೆಲವರಾದರೂ ಆ ಸಾಲಿನಲ್ಲಿ ಬುಟ್ಟಿ ಹಿಡಿದು ಕೂತಿರಬಹುದು.