ಕೈಗಾದ ಗುಮ್ಮಟ

ಗುಮ್ಮಟವೆಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಿಜಾಪುರ. ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟ 17ನೆಯ ಶತಮಾನದಿಂದ ದಪ್ಪ ಗೋಡೆಗಳ ಮೇಲೆ ಭದ್ರವಾಗಿ ನಿಂತಿದೆ. ನಮ್ಮ ರಾಜ್ಯದಲ್ಲೇ ಇನ್ನೊಂದು ಗುಮ್ಮಟವಿದೆ. ಅದು ಕಟ್ಟುತ್ತಿರುವಾಗಲೇ ಕುಸಿಯಿತು. ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿರುವ ಕೈಗಾ ಪರಮಾಣು ವಿದ್ಯುತ್ ಸ್ಥಾವರದ ಮಾತಿದು.

ಪರಮಾಣು ಸ್ಥಾವರದಲ್ಲಿಯೂ ಕೊನೆಗೆ ನಡೆಯುವುದು ನೀರು ಕಾಯಿಸಿ, ಹಬೆಯಿಂದ ಟರ್ಬೈನ್ ತಿರುಗಿಸುವ ಕೆಲಸವೇ. ಕಲ್ಲಿದ್ದಲಿನ ಬದಲು ಇಲ್ಲಿ ಯುರೇನಿಯಂ. ಅದರ ಬೀಜಕಣವು ನ್ಯೂಟ್ರಾನ್ ತಗುಲಿ ಒಡೆದಾಗ ಶಾಖವೂ ಹೊಸ ನ್ಯೂಟ್ರಾನುಗಳೂ ಹೊರಬರುತ್ತವೆ. ಅವು ಮತ್ತಷ್ಟು ಬೀಜಕಣಗಳನ್ನು ಒಡೆಯುತ್ತವೆ. ಆದರೆ ನಿಸರ್ಗದಲ್ಲಿ ದೊರೆಯುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235ರ ಅಂಶ ಶೇ. 0.7 ಮಾತ್ರ. ಹಾಗಾಗಿ ಒಂದು ನ್ಯೂಟ್ರಾನನ್ನೂ ವ್ಯರ್ಥ ಮಾಡುವಂತಿಲ್ಲ. ಸಾಮಾನ್ಯ ನೀರು ಅವನ್ನು ಹೆಚ್ಚು ಹೀರಿಬಿಡುತ್ತದೆ. ಭಾರಜಲವು ಹೀರದೆ ವೇಗವನ್ನಷ್ಟೇ ತಗ್ಗಿಸುತ್ತದೆ. ಕೈಗಾದ ಪ್ರತಿಯೊಂದು 220 ಮೆಗಾವಾಟ್ ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆಗಳಿವೆ. ರಿಯಾಕ್ಟರನ್ನು ನಿಲ್ಲಿಸದೆಯೇ ಕೊಳವೆಯ ಒಂದು ತುದಿಯಿಂದ ಹೊಸ ಇಂಧನ ತೂರಿಸಿ, ಇನ್ನೊಂದು ತುದಿಯಿಂದ ಹಳೆಯದನ್ನು ಹೊರತೆಗೆಯಬಹುದು. ಈ ಅಂಶವನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು; ಮುಂದೆ ಬೇಕಾಗುತ್ತದೆ.

ಈ ಮಾದರಿ ನಮಗೆ ಬಂದದ್ದು ಕೆನಡಾದಿಂದ. ರಾಜಸ್ಥಾನದ ಮೊದಲ ಘಟಕ 1973ರಲ್ಲಿ ಆರಂಭವಾಯಿತು. 1974ರ ಪೋಖ್ರಾನ್ ಸ್ಫೋಟದ ನಂತರ ಕೆನಡಾ ಸಹಕಾರ ನಿಲ್ಲಿಸಿತು. ಎರಡನೆಯ ಘಟಕವನ್ನು ನಮ್ಮ ಇಂಜಿನಿಯರುಗಳೇ ಪೂರೈಸಿದರು, 1981ರಲ್ಲಿ. ಕಲ್ಪಾಕ್ಕಂ, ನರೋರಾ, ಕಾಕ್ರಪಾರ ಆ ಬಳಿಕ ಬಂದವು.

ಕೈಗಾ ಯೋಜನೆಗೆ ಪ್ರಬಲ ವಿರೋಧವಿತ್ತು. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತು ಇದರ ವಿರುದ್ಧ ಪ್ರಚಾರ ಮಾಡಿದರು, ಗೆಲ್ಲಲಿಲ್ಲ. ಅವರ ಭಯವನ್ನು ಅವಿದ್ಯಾವಂತರ ಭಯವೆಂದು ತಳ್ಳಿಹಾಕಿದವರು 1994ರ ಮೇ 13ರಂದು ಸ್ವಲ್ಪ ಮೌನವಾಗಿರಬೇಕಾಯಿತು. ಅಂದು ಒಂದನೆಯ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟ್ ಪದರವಾಗಿ ಕಿತ್ತು ಕೆಳಗೆ ಬಿತ್ತು. ಕಾರ್ಮಿಕರು ಗಾಯಗೊಂಡರು. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅಪಾಯವಿರಲಿಲ್ಲ. ಆದರೆ ಅಪಘಾತವಾದರೆ ವಿಕಿರಣವನ್ನು ಒಳಗೇ ತಡೆಯಬೇಕಾದ ಗುಮ್ಮಟವೇ ಬಿದ್ದಿತ್ತಲ್ಲ!

ಕಾರಣ ಪರಮಾಣು ವಿಜ್ಞಾನದಲ್ಲಿರಲಿಲ್ಲ, ಸಿವಿಲ್ ಇಂಜಿನಿಯರಿಂಗಿನಲ್ಲಿತ್ತು. ಇಂಥ ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್‌ಗಳನ್ನು ಹಾಯಿಸಿ ಬಿಗಿಯಾಗಿ ಎಳೆಯುತ್ತಾರೆ. ಬಾಗಿದ ಕೇಬಲ್ ಬಿಗಿದಾಗ ಕಾಂಕ್ರೀಟನ್ನು ಅದರ ದಪ್ಪದ ದಿಕ್ಕಿನಲ್ಲಿ ಸೀಳಲು ನೋಡುತ್ತದೆ. ಆ ಎಳೆತಕ್ಕೆ ತಕ್ಕ ಅಡ್ಡ ಸರಳುಗಳು ಇರಲಿಲ್ಲ. ಗುಮ್ಮಟವನ್ನು ಹೊಸದಾಗಿ ವಿನ್ಯಾಸಗೊಳಿಸಿ, ಹೆಚ್ಚು ಶಕ್ತಿಯ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಲಾಯಿತು. ಅದೇ ವಿನ್ಯಾಸ ಹೊಂದಿದ್ದ ರಾಜಸ್ಥಾನದ ಹೊಸ ಘಟಕಗಳನ್ನೂ ತಿದ್ದಬೇಕಾಯಿತು. ವರ್ಷಗಳೇ ಕಳೆದವು. ಎರಡನೆಯ ಘಟಕವೇ 2000ದ ಮಾರ್ಚ್‌ನಲ್ಲಿ ಮೊದಲು ವಾಣಿಜ್ಯ ಉತ್ಪಾದನೆ ಆರಂಭಿಸಿತು. ಒಂದನೆಯದರ ಸರದಿ ಬಂದದ್ದು ನವೆಂಬರಿನಲ್ಲಿ. ಇಂಜಿನಿಯರಿಂಗ್ ಎಂದರೆ ಕಂಪ್ಯೂಟರ್ ಮಾತ್ರವೆಂದು ತಿಳಿದಿರುವ ನಮ್ಮ ಪಾಲಕರು ಈ ಸರಳುಗಳ ಕಥೆಯನ್ನು ಒಮ್ಮೆ ಮಕ್ಕಳಿಗೆ ಹೇಳಬೇಕು.

ಇದೇ ಒಂದನೆಯ ಘಟಕ 2016ರ ಮೇ 13ರಂದು ಚಾಲನೆಗೊಂಡು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ನಿರ್ಮಿಸಿತು. ಕುಸಿದ ದಿನವೂ ಮೇ 13, ದಾಖಲೆಯ ಓಟ ಆರಂಭವಾದದ್ದೂ ಮೇ 13! ಓಡುತ್ತಿರುವಾಗಲೇ ಇಂಧನ ಬದಲಿಸುವ ಸೌಲಭ್ಯವಿಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. 2020ರಲ್ಲಿ ಈ ದಾಖಲೆಯನ್ನು ಮುರಿದದ್ದು ಡಾರ್ಲಿಂಗ್ಟನ್‌ನ ಭಾರಜಲ ರಿಯಾಕ್ಟರ್. ಆ ಊರು ಇರುವುದು ಕೆನಡಾದಲ್ಲಿ.